ವಾಸನೆಯ ಚುಕ್ಕಿ ರಂಗೋಲಿ: ಬದುಕಿರುವ ಮಿದುಳನ್ನು ಬೆಳಕಿನಿಂದ ನೋಡುವ ಬಗೆ



ಬೇಸಿಗೆಯಲ್ಲಿ ಒಂದು ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರೆ ಮೂರನೇ ಮನೆಯವರಿಗೂ ಗೊತ್ತಾಗುತ್ತದೆ. ಯಾರೂ ಹೋಗಿ ಹೇಳಬೇಕಾಗಿಲ್ಲ, ಮೂಗೇ ಹೇಳಿಬಿಡುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಇದು ಹಲಸು, ಇದು ಮಲ್ಲಿಗೆ, ಇದು ಸೀಮೆಎಣ್ಣೆ, ಇದು ಮೊದಲ ಮಳೆಗೆ ನೆನೆದ ಮಣ್ಣು ಎಂದು ನಾವು ತಟ್ಟನೆ ಗುರುತಿಸುತ್ತೇವೆ. ಹಾಗಾದರೆ ಹಲಸಿನ ವಾಸನೆ ಬಂದಾಗ ಮಿದುಳಿನಲ್ಲಿ ಏನು ನಡೆಯುತ್ತದೆ? ಮಲ್ಲಿಗೆಯ ವಾಸನೆ ಬಂದಾಗ ನಡೆಯುವುದು ಅದಕ್ಕಿಂತ ಬೇರೆಯಾ? ಬೇರೆಯಾದರೆ ಅದನ್ನು ಕಣ್ಣಿನಿಂದ ನೋಡಲು ಸಾಧ್ಯವಾ?

ಇಲ್ಲಿ ಒಂದು ಇಕ್ಕಟ್ಟು ಇದೆ. ಮಿದುಳು ತಲೆಬುರುಡೆಯ ಒಳಗೆ ಭದ್ರವಾಗಿ ಕುಳಿತಿದೆ. ತೆಗೆದು ನೋಡೋಣ ಎಂದರೆ ಪ್ರಾಣಿ ಸಾಯುತ್ತದೆ. ಸತ್ತ ಪ್ರಾಣಿಯ ಮಿದುಳು ವಾಸನೆಯನ್ನು ಗ್ರಹಿಸುವುದಿಲ್ಲ. ಅಂದರೆ ಯಾವುದನ್ನು ನೋಡಬೇಕಿತ್ತೋ ಅದೇ ಮಾಯವಾಗುತ್ತದೆ! ಈ ಇಕ್ಕಟ್ಟಿನಿಂದ ಹೊರಬರಲು ವಿಜ್ಞಾನಿಗಳು ಹಿಡಿದ ದಾರಿ ಬೆಳಕು. ಹೊರಗಿನಿಂದ ಬೆಳಕು ಹಾಯಿಸಿ, ಹಿಂತಿರುಗಿ ಬರುವ ಬೆಳಕನ್ನು ಕ್ಯಾಮರಾದಲ್ಲಿ ಹಿಡಿದು, ಬದುಕಿರುವ ಮಿದುಳು ವಾಸನೆಯನ್ನು ಹೇಗೆ ಓದುತ್ತದೆ ಎಂದು ನೋಡುವ ವಿಧಾನವಿದು. ಇದನ್ನು ‘ಗಾಯ ಮಾಡದ ವಿಧಾನ’ ಎನ್ನುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜ, ಅದರ ಚಿತ್ರಗಳನ್ನು ಎಷ್ಟು ನಂಬಬಹುದು ಎಂಬುದನ್ನೂ ಈ ಪಾಠದಲ್ಲಿ ನೋಡೋಣ.

ಮೂಗಿನಿಂದ ಮಿದುಳಿಗೆ

ವಾಸನೆ ಎಂದರೆ ಗಾಳಿಯಲ್ಲಿ ತೇಲಿ ಬರುವ ಅಣುಗಳು. ಅವು ಮೂಗಿನ ಮೇಲ್ಭಾಗದ ತೇವವಾದ ಪದರವನ್ನು ತಲುಪುತ್ತವೆ. ಅಲ್ಲಿ ಲಕ್ಷಗಟ್ಟಲೆ ಘ್ರಾಣ ನರಕೋಶಗಳಿವೆ. ಪ್ರತಿ ನರಕೋಶದ ತುದಿಯಲ್ಲಿ ‘ಗ್ರಾಹಕ’ ಎಂಬ ಪ್ರೋಟೀನ್‌ಗಳಿವೆ. ತನಗೆ ಹೊಂದುವ ಅಣು ಬಂದು ಕೂತರೆ ಆ ನರಕೋಶ ಚುರುಕಾಗಿ ಮಿದುಳಿಗೆ ವಿದ್ಯುತ್ ಸಂಕೇತ ಕಳಿಸುತ್ತದೆ.

ಈ ಗ್ರಾಹಕಗಳನ್ನು ತಯಾರಿಸುವ ಜೀನ್‌ಗಳನ್ನು 1991ರಲ್ಲಿ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಪತ್ತೆ ಮಾಡಿದರು. ಅದಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸುಂಡಿಲಿಯಲ್ಲಿ ಸುಮಾರು 1000 ಬಗೆಯ ಗ್ರಾಹಕಗಳಿವೆ, ಮನುಷ್ಯರಲ್ಲಿ ಸುಮಾರು 400. ಒಂದು ನರಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕ ಇರುತ್ತದೆ.

ಮೂಗಿನಲ್ಲಿ ಈ ನರಕೋಶಗಳು ಚೆಲ್ಲಾಪಿಲ್ಲಿಯಾಗಿ ಹರಡಿಕೊಂಡಿವೆ. ಅವುಗಳ ಎಳೆಗಳು ಮಿದುಳಿನ ಮುಂಭಾಗದಲ್ಲಿರುವ ಒಂದು ಸಣ್ಣ ಭಾಗಕ್ಕೆ ಹೋಗುತ್ತವೆ. ಅದು ಗೆಡ್ಡೆಯ ಹಾಗೆ ಉಬ್ಬಿಕೊಂಡಿರುವುದರಿಂದ ನಾವು ಅದನ್ನು ‘ಘ್ರಾಣ ಗೆಡ್ಡೆ’ ಎಂದು ಕರೆಯೋಣ. ಅಲ್ಲಿಗೆ ತಲುಪುವಾಗ ಒಂದು ಚೆಂದದ ವ್ಯವಸ್ಥೆ ಕಾಣಿಸುತ್ತದೆ. ಒಂದೇ ಬಗೆಯ ಗ್ರಾಹಕ ಇರುವ ಸಾವಿರಾರು ನರಕೋಶಗಳ ಎಳೆಗಳು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಜಾಗದಲ್ಲಿ ಬಂದು ಸೇರಿ ಪುಟ್ಟ ಉಂಡೆಯಾಗುತ್ತವೆ. ಈ ಉಂಡೆಯ ಹೆಸರು ಗ್ಲೊಮೆರುಲಸ್.

ಈ ಹೆಸರನ್ನು ಎಲ್ಲೋ ಕೇಳಿದ್ದೀರಿ ಅಲ್ವಾ? ಹೌದು, ಹತ್ತನೇ ತರಗತಿಯ ಮೂತ್ರಪಿಂಡದ ಪಾಠದಲ್ಲಿ. ಅಲ್ಲಿ ಅದು ರಕ್ತನಾಳಗಳ ಉಂಡೆ, ಇಲ್ಲಿ ನರತಂತುಗಳ ಉಂಡೆ. ಕೆಲಸ ಬೇರೆ, ಆಕಾರ ಒಂದೇ. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಬೇಡಿ!

ಚುಕ್ಕಿ ಅದೇ, ರಂಗೋಲಿ ಬೇರೆ

ಸುಂಡಿಲಿಗೆ 1000 ಬಗೆಯ ಗ್ರಾಹಕಗಳಿದ್ದರೆ ಅದು 1000 ವಾಸನೆಗಳನ್ನು ಮಾತ್ರ ಗುರುತಿಸುತ್ತದೆಯೇ? ಇಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಹಾಗಂತ ಕನ್ನಡದಲ್ಲಿ 49 ಪದಗಳು ಮಾತ್ರ ಇವೆಯಾ? ಅಕ್ಷರಗಳನ್ನು ಜೋಡಿಸಿದಂತೆಲ್ಲ ಪದಗಳು ಹುಟ್ಟುತ್ತವೆ. ವಾಸನೆಯದ್ದೂ ಇದೇ ಲೆಕ್ಕ. ಒಂದು ಅಣು ಹಲವು ಬಗೆಯ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಹೆಚ್ಚು, ಕೆಲವನ್ನು ಕಡಿಮೆ. ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ. ಆದ್ದರಿಂದ ವಾಸನೆಯ ಗುರುತು ಒಂದು ಉಂಡೆಯಲ್ಲಿ ಇಲ್ಲ, ಯಾವ ಯಾವ ಉಂಡೆಗಳು ಒಟ್ಟಿಗೆ ಚುರುಕಾದವು ಎಂಬ ವಿನ್ಯಾಸದಲ್ಲಿದೆ.

ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಳ್ಳಿ. ಚುಕ್ಕಿಗಳು ಅವೇ, ಇಟ್ಟ ಜಾಗವೂ ಅದೇ. ಯಾವ ಚುಕ್ಕಿಗಳನ್ನು ಸೇರಿಸುತ್ತೀರಿ ಎಂಬುದರ ಮೇಲೆ ಒಮ್ಮೆ ತಾವರೆ ಬರುತ್ತದೆ, ಒಮ್ಮೆ ನಕ್ಷತ್ರ ಬರುತ್ತದೆ. ಗ್ಲೊಮೆರುಲಸ್‌ಗಳು ಚುಕ್ಕಿಗಳು, ವಾಸನೆ ರಂಗೋಲಿ.

ಲೆಕ್ಕ ಹಾಕಿ ನೋಡಿ. ಪ್ರತಿ ಚುಕ್ಕಿಗೆ ‘ಉರಿದಿದೆ’ ಅಥವಾ ‘ಉರಿದಿಲ್ಲ’ ಎಂಬ ಎರಡೇ ಸ್ಥಿತಿ ಎಂದುಕೊಂಡರೆ 3 ಚುಕ್ಕಿಗಳಿಂದ 2 × 2 × 2 = 8 ವಿನ್ಯಾಸಗಳು ಬರುತ್ತವೆ. 10 ಚುಕ್ಕಿಗಳಿಂದ 1024. ಜೇನುನೊಣಕ್ಕೆ ಇಂಥ ಸುಮಾರು 160 ಉಂಡೆಗಳಿವೆ. ಎಷ್ಟು ವಿನ್ಯಾಸ ಸಾಧ್ಯ ಎಂದು ನೀವೇ ಊಹಿಸಿ.

ಇದೆಲ್ಲ ಕಾಗದದ ಮೇಲೆ ಚೆನ್ನಾಗಿದೆ. ಆದರೆ ವಿಜ್ಞಾನದಲ್ಲಿ ‘ಹೀಗಿರಬಹುದು’ ಎಂದರೆ ಸಾಲದು, ನೋಡಿ ಹೇಳಬೇಕು. ರಂಗೋಲಿಯನ್ನು ನೋಡುವುದು ಹೇಗೆ?

ಬೆಳಕಿಗಿಂತ ಮೊದಲು

ಮೊದಲ ದಾರಿ ವಿದ್ಯುದಾಗ್ರ. ಕೂದಲಿನಷ್ಟು ತೆಳುವಾದ ತಂತಿಯನ್ನು ಮಿದುಳಿಗೆ ಚುಚ್ಚಿ ನರಕೋಶದ ಸಂಕೇತವನ್ನು ಅಳೆಯುವುದು. ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ 1940 ಮತ್ತು 1950ರ ದಶಕಗಳಲ್ಲಿ ಹೀಗೆ ಅಳೆದು, ಬೇರೆ ಬೇರೆ ವಾಸನೆಗಳಿಗೆ ಘ್ರಾಣ ಗೆಡ್ಡೆಯ ಬೇರೆ ಬೇರೆ ಭಾಗಗಳು ಹೆಚ್ಚು ಚುರುಕಾಗುತ್ತವೆ ಎಂದು ಗಮನಿಸಿದ್ದರು. ಆದರೆ ತಂತಿ ಇರುವುದು ಒಂದೇ ಜಾಗದಲ್ಲಿ. ಒಂದು ಚುಕ್ಕಿಯ ಮೇಲೆ ಬೆರಳಿಟ್ಟುಕೊಂಡು ಇಡೀ ರಂಗೋಲಿ ಹೇಗಿದೆ ಎಂದು ಹೇಳಲು ಆಗುತ್ತದೆಯೇ?

ಎರಡನೇ ದಾರಿ 1970ರ ದಶಕದಲ್ಲಿ ಬಂತು. ಕೆಲಸ ಮಾಡುವ ನರಕೋಶಕ್ಕೆ ಸಕ್ಕರೆ ಹೆಚ್ಚು ಬೇಕು. ವಿಕಿರಣ ಸೂಸುವ ಗುರುತು ಹಾಕಿದ ಗ್ಲೂಕೋಸ್‌ನಂಥ ಪದಾರ್ಥವನ್ನು ಪ್ರಾಣಿಗೆ ಕೊಟ್ಟು, ಒಂದು ವಾಸನೆಯನ್ನು ಸ್ವಲ್ಪ ಹೊತ್ತು ಮೂಸಲು ಬಿಡುತ್ತಾರೆ. ಚುರುಕಾದ ಭಾಗ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆಮೇಲೆ ಮಿದುಳನ್ನು ತೆಳುವಾಗಿ ಸೀಳಿ ಫಿಲ್ಮಿನ ಮೇಲಿಟ್ಟರೆ ಆ ಭಾಗ ಕಪ್ಪಾಗಿ ಕಾಣುತ್ತದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವೆರೋನಿಕಾ ರಾಡ್ರಿಗಸ್ ಅವರು ಈ ವಿಧಾನವನ್ನು ಹಣ್ಣುನೊಣದ ಪುಟ್ಟ ಮಿದುಳಿಗೆ ಬಳಸಿ, ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಉಂಡೆಗಳು ಚುರುಕಾಗುವುದನ್ನು 1988ರಲ್ಲಿ ವರದಿ ಮಾಡಿದರು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಹಾರಾಡುತ್ತದಲ್ಲಾ, ಅದೇ ಸಣ್ಣ ನೊಣ! ಅವರ ಗುರು ಒಬೈದ್ ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ವೆರೋನಿಕಾ ಅವರೂ ಅಲ್ಲಿ ಕೆಲಸ ಮಾಡಿದರು. ವಾಸನೆಯ ವಿಜ್ಞಾನದಲ್ಲಿ ನಮ್ಮ ದೇಶದವರ ಹೆಸರು ಹೀಗೆ ಮೊದಲಿನಿಂದಲೂ ಇದೆ.

ಈ ವಿಧಾನದಲ್ಲಿ ರಂಗೋಲಿ ಕಂಡಿತು, ಆದರೆ ಬೆಲೆ ದುಬಾರಿ. ಒಂದು ಪ್ರಾಣಿ, ಒಂದು ವಾಸನೆ, ಒಂದು ಚಿತ್ರ, ಅಷ್ಟಕ್ಕೇ ಆ ಪ್ರಾಣಿಯ ಜೀವ ಮುಗಿಯಿತು. 10 ವಾಸನೆಗಳನ್ನು ಪರೀಕ್ಷಿಸಬೇಕು, ಒಂದೊಂದನ್ನೂ 5 ಸಲ ಖಚಿತಪಡಿಸಿಕೊಳ್ಳಬೇಕು ಎಂದರೆ 50 ಪ್ರಾಣಿಗಳು ಬೇಕು. ಇನ್ನೊಂದು ತೊಂದರೆಯೂ ಇದೆ. ಹಲಸಿನ ಚಿತ್ರ ಒಂದು ಇಲಿಯದ್ದು, ಮಲ್ಲಿಗೆಯ ಚಿತ್ರ ಇನ್ನೊಂದು ಇಲಿಯದ್ದು ಆದರೆ, ಕಂಡ ವ್ಯತ್ಯಾಸ ವಾಸನೆಯದ್ದೋ ಇಲಿಯದ್ದೋ? ಅದೇ ಪ್ರಾಣಿಗೆ ಮತ್ತೆ ಮತ್ತೆ ಬೇರೆ ವಾಸನೆ ಕೊಟ್ಟು ನೋಡುವಂತಾದರೆ ಎರಡೂ ತೊಂದರೆ ಒಟ್ಟಿಗೆ ತಪ್ಪುತ್ತವೆ. ಬೆಳಕು ಬೇಕಾದದ್ದು ಇದಕ್ಕೇ.

ರಕ್ತದ ಬಣ್ಣ ಹೇಳುವ ಸುದ್ದಿ

ಮಾಡಿ ನೋಡಿ 1: ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಮೇಲೆ ಬೆರಳು ಇಡಿ. ಬೆರಳು ಕೆಂಪಾಗಿ ಹೊಳೆಯುತ್ತದೆ. ಟಾರ್ಚಿನ ಬೆಳಕು ಬಿಳಿ, ಅಂದರೆ ಅದರಲ್ಲಿ ಎಲ್ಲ ಬಣ್ಣಗಳೂ ಇವೆ. ಹೊರಬಂದದ್ದು ಮಾತ್ರ ಕೆಂಪು. ಯಾಕೆ? ರಕ್ತದಲ್ಲಿರುವ ಹಿಮೋಗ್ಲೋಬಿನ್ ನೀಲಿ ಮತ್ತು ಹಸಿರು ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಕೆಂಪನ್ನು ಕಡಿಮೆ.

ಇನ್ನೊಂದು ಸಂಗತಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗಿಂತ, ಆಮ್ಲಜನಕ ಕೊಟ್ಟು ಖಾಲಿಯಾದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪುಂಟಾ? ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ, ಆದರೂ ಆಮ್ಲಜನಕದ ಪ್ರಮಾಣ ಹೇಳುತ್ತದೆ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಇದೇ ವ್ಯತ್ಯಾಸವನ್ನು ಅಳೆಯುತ್ತದೆ.

ಮಿದುಳಿಗೂ ಇದೇ ಉಪಾಯ. ಒಂದು ಉಂಡೆ ಚುರುಕಾದರೆ ಅಲ್ಲಿನ ಕೋಶಗಳು ಹೆಚ್ಚು ಆಮ್ಲಜನಕ ಬಳಸುತ್ತವೆ. ಅಲ್ಲಿನ ರಕ್ತದ ಬಣ್ಣ ಅತಿ ಸ್ವಲ್ಪ ಬದಲಾಗುತ್ತದೆ, ಕೋಶಗಳು ಬೆಳಕನ್ನು ಚದುರಿಸುವ ರೀತಿಯೂ ಬದಲಾಗುತ್ತದೆ. ಸುಮಾರು 600 ನ್ಯಾನೋಮೀಟರ್‌ಗಿಂತ ಹೆಚ್ಚು ತರಂಗದೂರದ ಕೆಂಪು ಬೆಳಕನ್ನು ಮೇಲಿನಿಂದ ಬಿಟ್ಟರೆ, ಚುರುಕಾದ ಜಾಗ ಕೂದಲೆಳೆಯಷ್ಟು ಕಪ್ಪಾಗಿ ಕಾಣುತ್ತದೆ. ಯಾವ ಬಣ್ಣವನ್ನೂ ಹಾಕಬೇಕಾಗಿಲ್ಲ, ದೇಹದ ರಕ್ತವೇ ಬಣ್ಣ! ಅಮಿರಾಮ್ ಗ್ರಿನ್‌ವಾಲ್ಡ್ ಮತ್ತು ಸಂಗಡಿಗರು 1986ರಲ್ಲಿ ಮಿದುಳಿನ ಬೇರೆ ಭಾಗಗಳಲ್ಲಿ ಇದನ್ನು ತೋರಿಸಿದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬೆಂಜಮಿನ್ ರೂಬಿನ್ ಮತ್ತು ಲಾರೆನ್ಸ್ ಕಾಟ್ಜ್ 1999ರಲ್ಲಿ ಇಲಿಯ ಘ್ರಾಣ ಗೆಡ್ಡೆಗೆ ಇದನ್ನು ಬಳಸಿದರು. ಇಂಥ ಪ್ರಯೋಗಗಳಲ್ಲಿ ಇಲಿಗೆ ಅರಿವಳಿಕೆ ಕೊಟ್ಟು, ಗೆಡ್ಡೆಯ ಮೇಲಿನ ಮೂಳೆಯನ್ನು ಪೂರ್ತಿ ತೆರೆಯದೆ, ಬೆಳಕು ದಾಟುವಷ್ಟು ತೆಳುವಾಗಿ ಉಜ್ಜುತ್ತಾರೆ.

ಕಂಡದ್ದೇನು? ಒಂದೊಂದು ವಾಸನೆಗೂ ಒಂದೊಂದು ಚುಕ್ಕಿಗಳ ಗುಂಪು. ನೀವು ರಸಾಯನಶಾಸ್ತ್ರದಲ್ಲಿ ಅನುರೂಪ ಶ್ರೇಣಿ ಓದಿದ್ದೀರಿ. ಒಂದೊಂದೇ ಇಂಗಾಲದ ಪರಮಾಣು ಹೆಚ್ಚುತ್ತಾ ಹೋಗುವ ಆಲ್ಡಿಹೈಡ್‌ಗಳನ್ನು ಇಲಿಗೆ ಮೂಸಲು ಕೊಟ್ಟರೆ, ಅಕ್ಕಪಕ್ಕದ ಸದಸ್ಯರ ವಿನ್ಯಾಸಗಳು ಒಂದನ್ನೊಂದು ಸ್ವಲ್ಪ ಹೋಲುತ್ತವೆ, ಆದರೆ ಪೂರ್ತಿ ಒಂದೇ ಅಲ್ಲ. ಒಂದು ಇಂಗಾಲದ ವ್ಯತ್ಯಾಸ ಕೂಡ ಮಿದುಳಿನ ರಂಗೋಲಿಯಲ್ಲಿ ಕಾಣುತ್ತದೆ! ಅದೇ ವಾಸನೆಯನ್ನು ಗಾಢವಾಗಿಸಿದರೆ ಹೆಚ್ಚು ಚುಕ್ಕಿಗಳು ಸೇರಿಕೊಳ್ಳುತ್ತವೆ.

ಸಾವಿರದಲ್ಲಿ ಒಂದು ಪಾಲು

ಈ ಬದಲಾವಣೆ ಎಷ್ಟು ಸಣ್ಣದು ಗೊತ್ತಾ? ಹಿಂತಿರುಗುವ ಬೆಳಕಿನಲ್ಲಿ ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾದರೆ ಚಿತ್ರ ಸಿಗುವುದು ಹೇಗೆ? ಮೂರು ಹೆಜ್ಜೆಗಳಲ್ಲಿ.

ಒಂದು, ಕಳೆಯುವುದು. ವಾಸನೆ ಕೊಡುವ ಮೊದಲಿನ ಚಿತ್ರವನ್ನು ವಾಸನೆ ಕೊಟ್ಟ ನಂತರದ ಚಿತ್ರದಿಂದ ಕಂಪ್ಯೂಟರ್ ಕಳೆಯುತ್ತದೆ. ಉಳಿದದ್ದು ಬದಲಾವಣೆ ಮಾತ್ರ.

ಎರಡು, ಸರಾಸರಿ. ಉಸಿರಾಟ, ಹೃದಯದ ಬಡಿತ, ಕ್ಯಾಮರಾದ ಗದ್ದಲ, ಇವೆಲ್ಲ ಚಿತ್ರವನ್ನು ಕಲಕುತ್ತವೆ. ಜಾತ್ರೆಯ ಗದ್ದಲದಲ್ಲಿ ಗೆಳೆಯ ಮೆಲ್ಲಗೆ ಹೇಳಿದ್ದು ಒಂದು ಸಲಕ್ಕೆ ಕೇಳುವುದಿಲ್ಲ, ಅದನ್ನೇ ಮತ್ತೆ ಮತ್ತೆ ಹೇಳಿದರೆ ತಿಳಿಯುತ್ತದೆ. ಇದಕ್ಕೊಂದು ಗಣಿತ ಇದೆ. ಅಡ್ಡಾದಿಡ್ಡಿ ಗದ್ದಲವಾದರೆ n ಸಲದ ಸರಾಸರಿಯಲ್ಲಿ ಅದು n ನ ವರ್ಗಮೂಲದಷ್ಟು ಪಟ್ಟು ತಗ್ಗುತ್ತದೆ. 25 ಸಲ ಅಳೆದರೆ 5 ಪಟ್ಟು ಕಡಿಮೆ. ವರ್ಗಮೂಲ ಕಲಿತು ಏನು ಪ್ರಯೋಜನ ಎಂದು ಕೇಳುತ್ತೀರಲ್ಲಾ, ಇಲ್ಲಿದೆ ಒಂದು ಉತ್ತರ!

ಮೂರು, ಹೋಲಿಕೆ. ವಾಸನೆಯಿಲ್ಲದ ಗಾಳಿಯನ್ನೂ ಅದೇ ರೀತಿ ಊದಿ ನೋಡಬೇಕು. ಇಲ್ಲದಿದ್ದರೆ ಕಂಡದ್ದು ವಾಸನೆಯ ಪರಿಣಾಮವೋ ಗಾಳಿ ತಾಗಿದ ಪರಿಣಾಮವೋ ಎಂದು ಹೇಳುವ ಹಾಗಿಲ್ಲ.

ಪುಸ್ತಕಗಳಲ್ಲಿ ಕೆಂಪು, ಹಳದಿ ಬಣ್ಣದಲ್ಲಿ ಹೊಳೆಯುವ ಮಿದುಳಿನ ಚಿತ್ರ ನೋಡಿದಾಗ ಇದನ್ನು ನೆನಪಿಡಿ. ಮಿದುಳಿನಲ್ಲಿ ಆ ಬಣ್ಣಗಳಿಲ್ಲ. ಹೆಚ್ಚು ಬದಲಾದ ಜಾಗಕ್ಕೆ ಒಂದು ಬಣ್ಣ, ಕಡಿಮೆ ಬದಲಾದ ಜಾಗಕ್ಕೆ ಇನ್ನೊಂದು ಬಣ್ಣ ಎಂದು ಕಂಪ್ಯೂಟರಿಗೆ ಹೇಳಿ ಹಾಕಿಸಿದ್ದು ಅದು. ಭೂಪಟದಲ್ಲಿ ಬೆಟ್ಟಕ್ಕೆ ಕಂದು ಬಣ್ಣ ಹಾಕಿದ ಹಾಗೆ.

ಜೇನುನೊಣದ ಮಿದುಳಿನಲ್ಲಿ

ಇಲಿಯ ರಕ್ತ ನಿಧಾನ. ವಾಸನೆ ಬಂದು ಕೆಲವು ಸೆಕೆಂಡುಗಳಾದ ಮೇಲೆ ರಕ್ತದ ಬದಲಾವಣೆ ಪೂರ್ತಿ ಕಾಣುತ್ತದೆ. ಇಲಿ ಚುರುಕಾಗಿ ಮೂಸುವಾಗ ಒಂದು ಸೆಕೆಂಡಿನಲ್ಲಿ ಹಲವು ಸಲ ಮೂಸುತ್ತದೆ. ಅಂದರೆ ಸುದ್ದಿ ತಡವಾಗಿ ತಲುಪುತ್ತದೆ. ನರಕೋಶದ ಕೆಲಸವನ್ನೇ ಹತ್ತಿರದಿಂದ ನೋಡಬೇಕೆಂದರೆ ಕ್ಯಾಲ್ಸಿಯಂ ಬೇಕು.

ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ಅಯಾನುಗಳು ನುಗ್ಗುತ್ತವೆ. ಕ್ಯಾಲ್ಸಿಯಂ ತಾಗಿದರೆ ಹೊಳಪು ಬದಲಿಸುವ ಬಣ್ಣಗಳಿವೆ. ಅವನ್ನು ಕೋಶಗಳೊಳಗೆ ಸೇರಿಸಿದರೆ, ಎಲ್ಲಿ ಕೆಲಸ ನಡೆದಿದೆ ಎಂಬುದು ಬೆಳಕಿನಲ್ಲೇ ಕಾಣುತ್ತದೆ. ಜರ್ಮನಿಯ ಬರ್ಲಿನ್‌ನಲ್ಲಿ ರಾಂಡಾಲ್ಫ್ ಮೆಂಜೆಲ್ ಅವರ ತಂಡ 1997ರಲ್ಲಿ ಇದನ್ನು ಜೇನುನೊಣದಲ್ಲಿ ಮಾಡಿ ತೋರಿಸಿತು. ನೊಣದ ತಲೆಯ ಗಟ್ಟಿ ಪದರದಲ್ಲಿ ಪುಟ್ಟ ಕಿಟಕಿ ತೆರೆದು, ಮಿದುಳಿಗೆ ಬಣ್ಣ ಹಾಕಿ, ಕುಡಿಮೀಸೆಗೆ ವಾಸನೆಯ ಗಾಳಿ ಊದಿದರು. ಜೇನುನೊಣಕ್ಕೆ ಮೂಗು ಕುಡಿಮೀಸೆಯೇ. ಒಂದೊಂದರಲ್ಲೂ ಸುಮಾರು 60,000 ಘ್ರಾಣ ನರಕೋಶಗಳಿವೆ.

ಇದೇ ಗುಂಪು 1999ರಲ್ಲಿ ಮತ್ತೊಂದು ಮುಖ್ಯ ಸಂಗತಿಯನ್ನು ತೋರಿಸಿತು. ಬೇರೆ ಬೇರೆ ಜೇನುನೊಣಗಳಿಗೆ ಒಂದೇ ವಾಸನೆ ಕೊಟ್ಟರೆ ಒಂದೇ ರೀತಿಯ ಉಂಡೆಗಳು ಚುರುಕಾಗುತ್ತವೆ. ಅಂದರೆ ಈ ರಂಗೋಲಿ ಒಂದು ನೊಣದ ಖಾಸಗಿ ಚಿತ್ರವಲ್ಲ, ಆ ಜಾತಿಯ ಎಲ್ಲ ನೊಣಗಳಿಗೂ ಸಾಮಾನ್ಯವಾದ ಲಿಪಿ.

ಗಾಜಿನಂಥ ಮೀನು ಮರಿ

ಇಲ್ಲಿಯವರೆಗೆ ಮೂಳೆ ಉಜ್ಜಬೇಕಾಯಿತು ಅಥವಾ ಕಿಟಕಿ ತೆರೆಯಬೇಕಾಯಿತು. ಏನೂ ಕತ್ತರಿಸದೆ ನೋಡುವ ಹಾಗಿಲ್ಲವೇ? ಪ್ರಾಣಿಯೇ ಪಾರದರ್ಶಕವಾಗಿದ್ದರೆ ನೋಡಬಹುದು!

ಜೀಬ್ರಾ ಮೀನು ಅಂಥದ್ದು. ಮೈಮೇಲೆ ಉದ್ದಕ್ಕೆ ನೀಲಿ ಪಟ್ಟೆಗಳಿರುವ ಬೆರಳಿನ ಗಿಣ್ಣಿನಷ್ಟು ಉದ್ದದ ಈ ಮೀನು ನಮ್ಮ ಉಪಖಂಡದ್ದೇ. ಭಾರತದ ಹಳ್ಳ, ತೋಡು, ಗದ್ದೆಯ ನೀರಿನಲ್ಲಿ ಇದೆ. ಗಂಗಾ ಬಯಲಿನ ಮೀನುಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಇದನ್ನು ವಿವರಿಸಿದರು. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇದೇ ಮೀನು. ಮೊಟ್ಟೆಯಾಗಿ ಐದು ದಿನವಾದ ಮರಿ ಸುಮಾರು 4 ಮಿಲಿಮೀಟರ್ ಉದ್ದ, ಮಿದುಳಿನಲ್ಲಿ ಸುಮಾರು ಒಂದು ಲಕ್ಷ ನರಕೋಶಗಳು. ಮೈಬಣ್ಣ ಕಡಿಮೆ ಇರುವ ತಳಿಯ ಮರಿಯಾದರೆ ಸೂಕ್ಷ್ಮದರ್ಶಕದಲ್ಲಿ ಮಿದುಳು ಹೊರಗಿನಿಂದಲೇ ಕಾಣುತ್ತದೆ.

ಬಣ್ಣ ಚುಚ್ಚುವ ಕೆಲಸವೂ ಇಲ್ಲ. ಒಸಾಮು ಶಿಮೊಮುರಾ 1962ರಲ್ಲಿ ಒಂದು ಜಾತಿಯ ಲೋಳೆಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಪತ್ತೆ ಮಾಡಿದ್ದರು. ಈ ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ಅವರೂ ಸೇರಿ ಮೂವರಿಗೆ ನೊಬೆಲ್ ಬಂತು. 2001ರಲ್ಲಿ ಜಪಾನಿನ ಜುನಿಚಿ ನಕಾಯಿ ಮತ್ತು ಸಂಗಡಿಗರು ಆ ಪ್ರೋಟೀನನ್ನು ಮಾರ್ಪಡಿಸಿ, ಕ್ಯಾಲ್ಸಿಯಂ ಬಂದಾಗ ಹೆಚ್ಚು ಹೊಳೆಯುವ ‘ಜಿಕ್ಯಾಂಪ್’ ಎಂಬುದನ್ನು ಮಾಡಿದರು. ಇದರ ಜೀನನ್ನು ಮೀನಿನ ತಳಿಗೆ ಸೇರಿಸಿದರೆ ಮರಿಯ ನರಕೋಶಗಳು ತಾವೇ ಈ ಪ್ರೋಟೀನನ್ನು ತಯಾರಿಸುತ್ತವೆ. ನೀಲಿ ಬೆಳಕು ಬಿಟ್ಟರೆ ಚುರುಕಾದ ಕೋಶ ಹಸಿರಾಗಿ ಮಿನುಗುತ್ತದೆ.

ಮರಿ ಅಲುಗಾಡದ ಹಾಗೆ ಅದನ್ನು ಜೆಲ್ಲಿಯಲ್ಲಿ ಕೂರಿಸುತ್ತಾರೆ. ಅಡುಗೆಗೆ ಬಳಸುವ ಚೈನಾ ಗ್ರಾಸ್ ಇದೆಯಲ್ಲಾ, ಅದರ ಹಾಗೆಯೇ ಕಡಲ ಪಾಚಿಯಿಂದ ಬರುವ ಜೆಲ್ಲಿ. ಮೂಗಿನ ಹೊಳ್ಳೆಯ ಮುಂದಿನ ಜೆಲ್ಲಿ ತೆಗೆದು ಅಲ್ಲಿಗೆ ವಾಸನೆಯ ನೀರು ಹರಿಸುತ್ತಾರೆ. ಮೀನಿಗೆ ವಾಸನೆ ನೀರಿನಲ್ಲಿ ಕರಗಿ ಬರುತ್ತದೆ, ಅಮೈನೋ ಆಮ್ಲಗಳು ಅದಕ್ಕೆ ಊಟದ ಸುಳಿವು. ಬೆಳೆದ ಜೀಬ್ರಾ ಮೀನಿನ ಮೇಲೆ ರೈನರ್ ಫ್ರೀಡ್ರಿಖ್ ಮತ್ತು ಸಿಗ್ರುನ್ ಕೋರ್ಶಿಂಗ್ ಹಿಂದೆಯೇ, 1997ರಲ್ಲಿ, ಹೊಳೆಯುವ ಬಣ್ಣದ ಸಹಾಯದಿಂದ, ಬೇರೆ ಬೇರೆ ಅಮೈನೋ ಆಮ್ಲಗಳಿಗೆ ಬೇರೆ ಬೇರೆ ವಿನ್ಯಾಸಗಳು ಮೂಡುವುದನ್ನು ತೋರಿಸಿದ್ದರು. ಇಲಿ, ಜೇನುನೊಣ, ಮೀನು ಒಂದಕ್ಕೊಂದು ಎಷ್ಟು ದೂರದ ಸಂಬಂಧಿಗಳು! ಆದರೂ ಮೂರರ ಮಿದುಳಿನಲ್ಲೂ ಚುಕ್ಕಿ ರಂಗೋಲಿ.

ಹಾಲು ಬೆರೆತ ನೀರು

ಮಾಡಿ ನೋಡಿ 2: ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಹಿಂದೆ ಪುಸ್ತಕದ ಪುಟ ಹಿಡಿಯಿರಿ. ಅಕ್ಷರಗಳು ಕಾಣುತ್ತವೆ. ಈಗ ಹಾಲನ್ನು ಒಂದೊಂದೇ ಹನಿ ಹಾಕಿ ಕಲಕುತ್ತಾ ಹೋಗಿ. ಎಷ್ಟನೇ ಹನಿಗೆ ಅಕ್ಷರ ಓದಲು ಆಗಲಿಲ್ಲ ಎಂದು ಬರೆದುಕೊಳ್ಳಿ. ಪುಟವನ್ನು ಲೋಟಕ್ಕೆ ಒತ್ತಿ ಹಿಡಿದರೂ, ದೂರ ಹಿಡಿದರೂ ಏನಾಗುತ್ತದೆ ನೋಡಿ.

ಹಾಲಿನ ಕಣಗಳು ಬೆಳಕನ್ನು ಚದುರಿಸುತ್ತವೆ. ಟಿಂಡಾಲ್ ಪರಿಣಾಮ ಓದಿದ್ದೀರಲ್ಲಾ, ಅದೇ. ಮೂಳೆ, ಚರ್ಮ, ಮಿದುಳು ಕೂಡ ಹೀಗೆ ಚದುರಿಸುತ್ತವೆ. ಆದ್ದರಿಂದ ಬೆಳಕಿಗೆ ಮಿದುಳಿನ ಮೇಲ್ಪದರ ಚೆನ್ನಾಗಿ ಕಾಣುತ್ತದೆ, ಆಳ ಕಾಣುವುದಿಲ್ಲ. ವಾಸನೆಯ ವಿಷಯದಲ್ಲಿ ನಮ್ಮ ಅದೃಷ್ಟ, ಉಂಡೆಗಳು ಘ್ರಾಣ ಗೆಡ್ಡೆಯ ಮೇಲ್ಮೈ ಹತ್ತಿರವೇ ಇವೆ. ಆದರೂ ಮೇಲಿನಿಂದ ನೋಡುವಾಗ ಗೆಡ್ಡೆಯ ತಳಭಾಗದ ಉಂಡೆಗಳು ಮರೆಯಾಗಿರುತ್ತವೆ. ಉದ್ದ ತರಂಗದೂರದ ಬೆಳಕು ಕಡಿಮೆ ಚದುರುವುದರಿಂದ ಅವಕೆಂಪು ಬೆಳಕು ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಚೂರೂ ಗಾಯವಿಲ್ಲದೆ, ಮೂಳೆಯ ಮೇಲಿನಿಂದಲೇ ನೋಡುವ ವಿಧಾನವೂ ಇದೆ. ನವಜಾತ ಶಿಶುಗಳ ತಲೆಬುರುಡೆ ತೆಳು. 2000ರಲ್ಲಿ ಸ್ವೀಡನ್ನಿನ ಸಂಶೋಧಕರು ಶಿಶುಗಳ ತಲೆಯ ಮೇಲೆ ಅವಕೆಂಪು ಬೆಳಕಿನ ಸಂವೇದಕ ಇಟ್ಟು, ವೆನಿಲಾ ಮತ್ತು ತಾಯಿಯ ಮೊದಲ ಹಾಲಿನ ವಾಸನೆಗೆ ಮಿದುಳಿನ ರಕ್ತದಲ್ಲಾಗುವ ಬದಲಾವಣೆಯನ್ನು ಅಳೆದರು. ಮಗುವಿಗೆ ನೋವಿಲ್ಲ. ಆದರೆ ಅಲ್ಲಿ ಒಂದೊಂದು ಚುಕ್ಕಿ ಕಾಣುವುದಿಲ್ಲ, ‘ಈ ಭಾಗದಲ್ಲಿ ಕೆಲಸ ನಡೆದಿದೆ’ ಎಂಬಷ್ಟೇ ಮಸುಕಾಗಿ ತಿಳಿಯುತ್ತದೆ.

ಇಲ್ಲಿ ಒಂದು ಕೊಡು-ಕೊಳ್ಳು ಇದೆ, ಗಮನಿಸಿ. ಬೆಳಕಿನ ದಾರಿಯಲ್ಲಿ ಅಡ್ಡಿ ತೆಗೆದಷ್ಟೂ ಚಿತ್ರ ಸ್ಪಷ್ಟ, ಆದರೆ ಪ್ರಾಣಿಗೆ ಗಾಯ ಹೆಚ್ಚು. ಗಾಯ ಕಡಿಮೆ ಮಾಡಿದಷ್ಟೂ ಚಿತ್ರ ಮಸುಕು. ಪಾರದರ್ಶಕ ಮೀನು ಮರಿ ಈ ಕೊಡು-ಕೊಳ್ಳಿನಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿದೆ.

‘ಗಾಯ ಮಾಡದೆ’ ಎಂದರೆ ಎಷ್ಟು?

ಈ ಮಾತನ್ನು ಹೌದು-ಅಲ್ಲ ಎಂದು ತಗೊಳ್ಳಬೇಡಿ, ಅಳತೆಪಟ್ಟಿಯ ಹಾಗೆ ತಗೊಳ್ಳಿ.

• ಗುರುತು ಹಾಕಿದ ಸಕ್ಕರೆ: ಪ್ರತಿ ಚಿತ್ರಕ್ಕೂ ಒಂದು ಜೀವ.
• ಇಲಿ: ಅರಿವಳಿಕೆ ಬೇಕು, ಮೂಳೆ ಉಜ್ಜಬೇಕು. ಮಿದುಳಿಗೆ ಸೂಜಿ ತಾಗುವುದಿಲ್ಲ. ಒಂದೇ ಇಲಿಯಲ್ಲಿ ಹಲವು ವಾಸನೆ ನೋಡಬಹುದು.
• ಜೇನುನೊಣ: ತಲೆಯಲ್ಲಿ ಕಿಟಕಿ, ಹೊರಗಿನ ಬಣ್ಣ.
• ಮೀನು ಮರಿ: ಕತ್ತರಿಸುವುದಿಲ್ಲ. ಆದರೆ ಜೀನ್ ಸೇರಿಸಿದ ತಳಿ, ಜೆಲ್ಲಿಯಲ್ಲಿ ಬಂಧನ. ಬಿಡುವ ನೀಲಿ ಬೆಳಕು ಮೀನಿನ ಕಣ್ಣಿಗೂ ಕಾಣುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.
• ಶಿಶುವಿನ ಮೇಲಿನ ಸಂವೇದಕ: ಗಾಯವೇ ಇಲ್ಲ.

1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಪ್ರಾಣಿ ಪ್ರಯೋಗಕ್ಕೆ ಮೂರು ಸೂತ್ರ ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ದಾರಿ ಹುಡುಕಿ, ಇಲ್ಲವಾದರೆ ಸಂಖ್ಯೆ ಕಡಿಮೆ ಮಾಡಿ, ನೋವು ಕಡಿಮೆ ಮಾಡಿ. ನಮ್ಮ ದೇಶದಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಗೆ ಅವಕಾಶವಿದೆ. ಆಗ ಹೇಳಿದ 50 ಪ್ರಾಣಿಗಳ ಲೆಕ್ಕಕ್ಕೆ ಹಿಂತಿರುಗಿ. ಒಂದೇ ಪ್ರಾಣಿಗೆ 10 ವಾಸನೆಗಳನ್ನೂ ಕೊಡುವಂತಾದರೆ 5 ಪ್ರಾಣಿಗಳು ಸಾಕು. ಇದು ಕರುಣೆಯ ಪ್ರಶ್ನೆ ಮಾತ್ರವಲ್ಲ. ಅದೇ ಪ್ರಾಣಿಯಲ್ಲಿ ಹೋಲಿಸಿದ್ದರಿಂದ ಉತ್ತರವೂ ಹೆಚ್ಚು ನಂಬಲರ್ಹ. ಒಳ್ಳೆಯ ವಿಜ್ಞಾನ ಮತ್ತು ಕಡಿಮೆ ನೋವು ಇಲ್ಲಿ ಒಂದೇ ದಿಕ್ಕಿನಲ್ಲಿ ಹೋಗುತ್ತವೆ.

ಚಿತ್ರದಲ್ಲಿ ಇಲ್ಲದ್ದು

ಪಾಠ ಮಾಡುವಾಗ ಸಾಮಾನ್ಯವಾಗಿ ಬರುವ ಪ್ರಶ್ನೆ: ‘ಹಾಗಾದರೆ ಪ್ರಾಣಿಯ ಮನಸ್ಸಿನಲ್ಲಿ ಏನಿದೆ ಎಂದು ಕ್ಯಾಮರಾದಲ್ಲಿ ಓದಬಹುದಾ?’ ಇಲ್ಲ. ಐಸೊಅಮೈಲ್ ಅಸಿಟೇಟ್ ಎಂಬ ಅಣು ಇದೆ. ನಮಗೆ ಅದು ಬಾಳೆಹಣ್ಣಿನ ವಾಸನೆ, ಬಾಯಲ್ಲಿ ನೀರು ಬರುತ್ತದೆ. ಜೇನುನೊಣ ಚುಚ್ಚಿದಾಗ ಬಿಡುವ ಅಪಾಯದ ಸಂಕೇತದಲ್ಲೂ ಮುಖ್ಯವಾಗಿ ಇರುವುದು ಅದೇ ಅಣು. ಉಳಿದ ನೊಣಗಳಿಗೆ ಅದು ‘ಬನ್ನಿ, ದಾಳಿ ಮಾಡಿ’ ಎಂಬ ಕರೆ! ಯಾವ ಚುಕ್ಕಿಗಳು ಉರಿದವು ಎಂದು ಕ್ಯಾಮರಾ ತೋರಿಸುತ್ತದೆ. ಅದು ಹಸಿವಿನ ವಾಸನೆಯೋ ಹೆದರಿಕೆಯ ವಾಸನೆಯೋ ಎಂದು ಚುಕ್ಕಿಗಳಷ್ಟೇ ಹೇಳುವುದಿಲ್ಲ. ಅದಕ್ಕೆ ಪ್ರಾಣಿ ಏನು ಮಾಡುತ್ತದೆ ಎಂದೂ ನೋಡಬೇಕು. ಅಲ್ಲದೆ ಇಲಿಯಲ್ಲಿ ಗೆಡ್ಡೆಯಿಂದ ಮುಂದಿನ ಘ್ರಾಣ ತೊಗಟೆಗೆ ಹೋದರೆ ಈ ಅಚ್ಚುಕಟ್ಟಾದ ವಿನ್ಯಾಸ ಉಳಿಯುವುದಿಲ್ಲ, ಚುರುಕಾದ ಕೋಶಗಳು ಅಲ್ಲಿ ಚದುರಿಹೋಗಿರುತ್ತವೆ. ಆ ಚದುರಿದ ಗುರುತಿನಿಂದ ಮಿದುಳು ‘ಇದು ಹಲಸು’ ಎಂಬಲ್ಲಿಗೆ ಹೇಗೆ ಬರುತ್ತದೆ ಎಂಬುದು ಇನ್ನೂ ಕೆಲಸ ನಡೆಯುತ್ತಿರುವ ಪ್ರಶ್ನೆ. ನಿಮ್ಮಲ್ಲಿ ಯಾರಾದರೂ ಅದಕ್ಕೆ ಕೈ ಹಾಕಬಹುದು.

ಮಾಡಿ ನೋಡಿ 3: ಗೆಳೆಯರ ಕಣ್ಣಿಗೆ ಬಟ್ಟೆ ಕಟ್ಟಿ, ಜಜ್ಜಿದ ಏಲಕ್ಕಿ, ಹತ್ತಿಗೆ ಹಾಕಿದ ಒಂದು ಹನಿ ನೀಲಗಿರಿ ಎಣ್ಣೆ, ನಿಂಬೆ ಸಿಪ್ಪೆ, ಕಾಫಿ ಪುಡಿ ಇವನ್ನು ದೂರದಿಂದ ಮೂಸಲು ಕೊಡಿ. ಯಾವ ಎರಡು ವಾಸನೆಗಳಲ್ಲಿ ಏನೋ ಹೋಲಿಕೆ ಇದೆ ಎಂದು ಕೇಳಿ. ಏಲಕ್ಕಿ ಮತ್ತು ನೀಲಗಿರಿ ಎಣ್ಣೆ ಎರಡರಲ್ಲೂ ಸಿನಿಯೋಲ್ ಎಂಬ ಅಣು ಹೇರಳವಾಗಿದೆ. ಎಷ್ಟು ಜನ ಹೇಳಿದರು ಎಂದು ಪಟ್ಟಿ ಮಾಡಿ. (ನೀಲಗಿರಿ ಎಣ್ಣೆಯನ್ನು ಬಾಯಿಗೆ ಹಾಕಬಾರದು, ಕಣ್ಣಿಗೆ ತಾಗಿಸಬಾರದು.)

ಯೋಚಿಸಿ ಉತ್ತರಿಸಿ

1. ಪ್ರತಿ ಚುಕ್ಕಿಗೆ ಎರಡೇ ಸ್ಥಿತಿ ಎಂದುಕೊಂಡರೆ 6 ಚುಕ್ಕಿಗಳಿಂದ ಎಷ್ಟು ವಿನ್ಯಾಸ ಸಾಧ್ಯ? ‘ಉರಿದಿಲ್ಲ, ಸ್ವಲ್ಪ ಉರಿದಿದೆ, ತುಂಬಾ ಉರಿದಿದೆ’ ಎಂಬ ಮೂರು ಸ್ಥಿತಿ ಆದರೆ?
2. ಚಿತ್ರದ ಗದ್ದಲವನ್ನು 10 ಪಟ್ಟು ತಗ್ಗಿಸಲು ಎಷ್ಟು ಸಲ ಅಳೆಯಬೇಕು?
3. ವಾಸನೆಯಿಲ್ಲದ ಗಾಳಿಯನ್ನೂ ಊದಿ ನೋಡುವುದು ಯಾಕೆ?
4. ಮಿದುಳಿನ ಆಳವನ್ನು ನೋಡಲು ನೀಲಿ ಬೆಳಕಿಗಿಂತ ಅವಕೆಂಪು ಬೆಳಕು ಯಾಕೆ ಮೇಲು?
5. ಒಂದು ವಾಸನೆಗೆ ಇಲಿಯ ಘ್ರಾಣ ಗೆಡ್ಡೆಯ ಮೇಲ್ಭಾಗದಲ್ಲಿ ಯಾವ ಚುಕ್ಕಿಯೂ ಕಾಣಲಿಲ್ಲ. ‘ಇಲಿಗೆ ಈ ವಾಸನೆ ಗೊತ್ತಾಗುವುದಿಲ್ಲ’ ಎಂದು ತೀರ್ಮಾನಿಸಬಹುದಾ? ಕಾರಣ ಕೊಡಿ.